ಗಾಜಿನ ಕೋಣೆಯ ಮಾತುಗಾರ್ತಿ

ಭಾರತಮ್ಮ ಪರದೇಶದ ಓದು ಮುಗಿಸಿ ಯಲ್ದೂರಿಗೆ ಮರಳಿದ್ದು ಎಪ್ಪತ್ತೆಂಟರ ಬೇಸಗೆಯಲ್ಲಿ. ತೋಟಗಳಲ್ಲಿ ಮಾವು ಬಲಿಯುತ್ತಿತ್ತು. ಶ್ರೀನಿವಾಸಪುರದ ಬಸ್ಸಿಳಿದು, ಪೆಟ್ಟಿಗೆ ಹೊತ್ತ ಅಪ್ಪ ಕೋದಂಡರಾಮಪ್ಪನ ಹಿಂದೆ ನಡೆದು ಮನೆ ಮುಟ್ಟಿದಾಗ ಅಜ್ಜಿ ದೊಡ್ಡಮುನಿಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆ ಮನೆಯಲ್ಲಿ ಅಜ್ಜಿಯನ್ನು ತೆಲುಗಿನವರ ಹಾಗೆ ಅವ್ವ ಎಂದೇ ಕರೆಯುವುದು. ಭಾರತಮ್ಮ ಓಡಿಹೋಗಿ ಅವಳ ಕೈ ಹಿಡಿದು, “ಅವ್ವಾ, ನಾನು ಬಂದೆ” ಎಂದರು.

ಅಜ್ಜಿ ಮೊದಲು ಆ ಕೈಯನ್ನು ಸವರಿದಳು. ಬೆರಳು, ಮಣಿಕಟ್ಟು, ಮೊಣಕೈ ಹತ್ತಿರದ ಹಳೆಯ ಸುಟ್ಟ ಗಾಯ, ಎಲ್ಲವನ್ನೂ ಮುಟ್ಟಿ ನೋಡಿದಳು. ಆಮೇಲೆ ಮುಖ ತಡವಿದಳು. ತಡವುತ್ತಿದ್ದಂತೆ ಅವಳಿಗೇ ನಗು ಬಂತು. ಇನ್ನೊಂದು ಸಲ ಮಾತಾಡು ಎಂದಳು. ಭಾರತಮ್ಮ ಮಾತಾಡಿದರು. ವಿಮಾನದ ಸುದ್ದಿ, ಮದರಾಸಿನ ಸೆಕೆ, ದಾರಿಯಲ್ಲಿ ಬಸ್ಸು ಕೆಟ್ಟು ನಿಂತದ್ದು, ಎಲ್ಲವನ್ನೂ ಮನೆಯ ಮಾತಿನಲ್ಲೇ ಹೇಳಿದರು. ಹೇಳುತ್ತಿದ್ದಂತೆ ಅಜ್ಜಿಯ ಮುಖದ ನಗು ಆರಿತು. ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಯಾರಮ್ಮಾ ನೀನು? ನಮ್ಮ ಭಾರತಿ ಥರಾನೇ ಮಾತಾಡ್ತೀಯಲ್ಲ.”

ಮುದುಕಿಗೆ ಅರಳು ಮರಳು ಎಂದು ಅಮ್ಮ ಶಾಮಲಮ್ಮ ಸಮಾಧಾನ ಹೇಳಿದರಂತೆ. ಆದರೆ ಅಜ್ಜಿಗೆ ಅರಳು ಮರಳು ಆಗಿರಲಿಲ್ಲ. ಯಾವ ಹಸು ಎಷ್ಟು ಹಾಲು ಕೊಡುತ್ತದೆ, ಯಾರ ತೋಟದಲ್ಲಿ ಹೂವು ಉದುರಿತು ಎಂಬುದೆಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಭಾರತಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಜ್ಜಿಯ ಮಾತು ಕೇಳಿ ಅವರಿಗೆ ದುಃಖಕ್ಕಿಂತ ಮೊದಲು ಬಂದದ್ದು ಭಯ. ಏಕೆಂದರೆ ಅದೇ ಮಾತನ್ನು ಅವರು ಇನ್ನೊಬ್ಬರ ಬಾಯಲ್ಲಿ ಆಗಲೇ ಕೇಳಿದ್ದರು.

ನಾನು ಆಗ ಕೋಲಾರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಮರುವರ್ಷ ಭಾರತಮ್ಮ ಅಲ್ಲಿಗೆ ಕನ್ನಡ ಅಧ್ಯಾಪಕಿಯಾಗಿ ಬಂದರು. ಸ್ಟಾಫ್ ರೂಮಿನಲ್ಲಿ ನಮ್ಮ ಮೇಜುಗಳು ಒಂದರ ಪಕ್ಕ ಒಂದಿದ್ದವು. ಅವರ ಮಾತು ನೇರ, ಸ್ಪಷ್ಟ, ಯಾವ ಊರಿನದೂ ಅಲ್ಲದ ಮಾತು. ಯಲ್ದೂರಿನವರು ಎಂದರೆ ಯಾರೂ ನಂಬುತ್ತಿರಲಿಲ್ಲ. ಇಲ್ಲಿ ಬರೆಯುತ್ತಿರುವುದನ್ನು ಅವರು ನನಗೆ ಹೇಳಿದ್ದು ಎಷ್ಟೋ ದಿನಗಳ ಬಿಡುವಿನ ವೇಳೆಗಳಲ್ಲಿ, ಬಿಡಿಬಿಡಿಯಾಗಿ. ಕೊನೆಯ ಭಾಗವೊಂದನ್ನು ಮಾತ್ರ ನಾನೇ ಕಂಡೆ, ಅಥವಾ ಕೇಳಿದೆ.

ಭಾರತಮ್ಮ ಬೆಳೆದ ಮನೆಯಲ್ಲಿ ಎರಡು ಭಾಷೆಗಳ ನಡುವೆ ಗೋಡೆ ಇರಲಿಲ್ಲ. ಹಸುವನ್ನು ಬೈಯುವುದು ತೆಲುಗಿನಲ್ಲಿ, ಲೆಕ್ಕ ಹಾಕುವುದು ಕನ್ನಡದಲ್ಲಿ, ಅಳು ಬಂದರೆ ಎರಡರಲ್ಲೂ. ಬೇಸಗೆಯಲ್ಲಿ ತೋಟಕ್ಕೆ ಗಿಣಿಗಳ ಹಿಂಡು ಇಳಿದರೆ ಅಜ್ಜಿ ಮತ್ತು ಮೊಮ್ಮಗಳು ತಗಡು ಬಡಿಯುತ್ತಾ ಮರದಿಂದ ಮರಕ್ಕೆ ಓಡುವರು. ಓಡಿ ದಣಿದು ನೆರಳಲ್ಲಿ ಕೂತಾಗ ಅಜ್ಜಿ ಕೇಳುತ್ತಿದ್ದಳು, ಹುಡುಗಿ ಹೇಳುತ್ತಿದ್ದಳು. ಇತರ ಮನೆಗಳಲ್ಲಿ ಕಥೆ ಹೇಳುವವಳು ಅಜ್ಜಿ, ಇವರಲ್ಲಿ ಮೊಮ್ಮಗಳು. ಶಾಲೆಯಲ್ಲಿ ಏನಾಯಿತು, ಮೇಷ್ಟರು ಯಾರಿಗೆ ಹೊಡೆದರು, ಕೆರೆಗೆ ಯಾವ ಹಕ್ಕಿ ಬಂತು ಎಂಬುದನ್ನೆಲ್ಲ ಒಂದಕ್ಕೆ ಹತ್ತು ಸೇರಿಸಿ ಹೇಳುವ ವಾಚಾಳಿ ಹುಡುಗಿ.

ಆ ಮಾತು ಕೋಲಾರದ ಕಾಲೇಜಿನವರೆಗೂ ಸಲೀಸಾಗಿ ನಡೆಯಿತು. ಬೆಂಗಳೂರಿನಲ್ಲಿ ಎಂ.ಎ. ಓದಲು ಹೋದಾಗ ಎಡವಿತು. ಒಂದು ದಿನ ಅಧ್ಯಾಪಕರು ಹಳಗನ್ನಡದ ಪದ್ಯ ಓದಿಸಿದರು. ಭಾರತಮ್ಮ ಓದಿದ ರಾಗಕ್ಕೆ ತರಗತಿ ನಕ್ಕಿತು. ಅಧ್ಯಾಪಕರು ಒಳ್ಳೆಯವರೇ, ನೋಯಿಸುವ ಮನಸ್ಸಿನವರಲ್ಲ. ನಿಮ್ಮದು ಕನ್ನಡವೇ, ಆದರೆ ನಿಮ್ಮೊಳಗೆ ಯಾರೋ ತೆಲುಗಿನವರು ಕೂತು ಓದುತ್ತಿದ್ದಾರೆ ಎಂದು ನಗುತ್ತಲೇ ಹೇಳಿದರು. ಅಂದಿನಿಂದ ಭಾರತಮ್ಮ ರೇಡಿಯೋ ವಾರ್ತೆಗೆ ಕಿವಿಗೊಟ್ಟು, ಓದುವವರ ಹಿಂದೆ ಹಿಂದೆಯೇ ಹೇಳುತ್ತಾ, ನಾಲಿಗೆಯನ್ನು ಉಜ್ಜಿ ತಿಕ್ಕಿ ಬೇರೆ ಮಾಡಿಕೊಂಡರು. ಒಳಗೆ ಕೂತವರನ್ನು ಎಬ್ಬಿಸಿ ಕಳಿಸಿದೆ ಎಂದೇ ಅವರು ತಿಳಿದಿದ್ದರು. ಪರೀಕ್ಷೆಯಲ್ಲಿ ಮೊದಲಿಗರಾದರು. ಧ್ವನಿಶಾಸ್ತ್ರದಲ್ಲಿ ಮೇಲಿನ ಓದಿಗೆಂದು ಸ್ಕಾಲರ್‌ಶಿಪ್ ಸಿಕ್ಕಿ ಸ್ಕಾಟ್ಲೆಂಡಿಗೆ ಹೊರಟರು.

ಅಲ್ಲಿ ಅವರ ಮಾರ್ಗದರ್ಶಕನಾದವನು ಮೆಕ್ರೇ ಎಂಬ ಮೆದು ದನಿಯ ಪ್ರೊಫೆಸರು. ಭಾರತಮ್ಮ ಹಳಗನ್ನಡದ ಉಚ್ಚಾರದ ಬಗ್ಗೆ ಕೆಲಸ ಮಾಡುತ್ತೇನೆ ಎಂದರೆ ಆತನಿಗೆ ಅದರಲ್ಲಿ ಆಸಕ್ತಿಯೇ ಹುಟ್ಟಲಿಲ್ಲ. ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರಿ ಎಂದು ಕೇಳಿದನು. ಭಾರತಮ್ಮ ನಾಚಿಕೊಳ್ಳುತ್ತಾ ಒಂದೆರಡು ವಾಕ್ಯ ಆಡಿ ತೋರಿಸಿದರು. ಪ್ರೊಫೆಸರು ಕುರ್ಚಿಯಿಂದ ಮುಂದಕ್ಕೆ ಬಾಗಿ ಇನ್ನೊಮ್ಮೆ ಎಂದನು. ಬೆಂಗಳೂರಿನಲ್ಲಿ ಕಲೆ ಎಂದು ತಿಕ್ಕಿ ತೆಗೆದದ್ದು ಅಲ್ಲಿ ಬಂಗಾರವಾಯಿತು. ಮೊದಲ ಬಾರಿಗೆ ಅವರಿಗೆ ತಾವು ಬರೀ ವಿದ್ಯಾರ್ಥಿನಿಯಲ್ಲ, ಯಾರಿಗೂ ಗೊತ್ತಿಲ್ಲದ್ದನ್ನು ಬಲ್ಲ ವಿದ್ವಾಂಸೆ ಅನ್ನಿಸಿತು. ಆ ಸಂತೋಷದಲ್ಲಿ ರಸ್ತೆಯ ಮಂಜಿನಲ್ಲಿ ಒಬ್ಬಳೇ ನಗುತ್ತಾ ನಡೆದೆ ಎಂದು ಹೇಳುತ್ತಿದ್ದರು.

ಆದರೆ ಅಧ್ಯಯನಕ್ಕೆ ಮಾತಾಡುವವರು ಬೇಕು. ಆ ಶಹರದಲ್ಲಿ ಶ್ರೀನಿವಾಸಪುರ ಸೀಮೆಯವರು ಯಾರಿದ್ದಾರೆ? ನೀವೇ ಇದ್ದೀರಲ್ಲ ಎಂದನು ಪ್ರೊಫೆಸರು.

ಪ್ರಯೋಗಶಾಲೆಯ ಮೂಲೆಯಲ್ಲಿ ಒಂದು ಗಾಜಿನ ಕೋಣೆ. ಒಂದು ಬದಿ ಗಾಜು, ಉಳಿದ ಗೋಡೆಗೆಲ್ಲ ದಪ್ಪ ಬಟ್ಟೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಆಡಿದ ಮಾತು ತುಟಿಯಿಂದಾಚೆ ಹೋಗದೆ ಅಲ್ಲೇ ಸಾಯುತ್ತಿತ್ತು. ಗಾಜಿನ ಹೊರಗೆ ಪ್ರೊಫೆಸರು ಕೂತು ಭಾರತಮ್ಮನ ಕಿವಿಗೆ ಹಾಕಿದ ಹೆಡ್‌ಫೋನಿನ ಮೂಲಕ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವನು, ಪ್ರಶ್ನೆ ಉತ್ತರ ಎರಡೂ ಟೇಪಿಗೆ ಸೇರುತ್ತಿದ್ದವು. ಇಂಗ್ಲಿಷ್ ಪ್ರಶ್ನೆಗೆ ಮನೆಯ ಮಾತು ಹೇಗೆ ಬರಬೇಕು? ದಿನಗಟ್ಟಲೆ ಬರಲಿಲ್ಲ. ಬಂದದ್ದೆಲ್ಲ ರೇಡಿಯೋ ಕನ್ನಡ. ಕೊನೆಗೆ ಪ್ರೊಫೆಸರು, ನನ್ನನ್ನು ಮರೆತುಬಿಡಿ, ಊರಿನಲ್ಲಿ ಯಾರಿಗೆ ಹೇಳುತ್ತಿದ್ದಿರೋ ಅವರೇ ಎದುರಿಗಿದ್ದಾರೆ ಎಂದುಕೊಳ್ಳಿ ಎಂದನು. ಭಾರತಮ್ಮ ಕಣ್ಣು ಮುಚ್ಚಿ ಮಾವಿನ ನೆರಳಲ್ಲಿ ಕೂತ ಅಜ್ಜಿಯನ್ನು ನೆನೆದರು. ಮಾತು ಕಟ್ಟೆಯೊಡೆದು ಬಂತು. ಗಿಣಿಗಳ ಬಗ್ಗೆ, ಕೆರೆಗೆ ಬಿದ್ದದ್ದರ ಬಗ್ಗೆ, ಕೈ ಸುಟ್ಟುಕೊಂಡದ್ದರ ಬಗ್ಗೆ, ನಡುನಡುವೆ ಬಂದ ಪ್ರಶ್ನೆಗಳಿಗೂ ಅದೇ ಮಾತಿನಲ್ಲಿ ಉತ್ತರಿಸುತ್ತಾ, ಗಂಟೆಗಟ್ಟಲೆ ಮಾತಾಡಿದರು. ಹೊರಗೆ ಬಂದಾಗ ಏನೋ ಹಗುರವಾಗಿತ್ತು, ಏನೋ ಖಾಲಿಯಾಗಿತ್ತು.

ಆ ಟೇಪಿನಿಂದ ಪ್ರೊಫೆಸರನ ಪ್ರಶ್ನೆಗಳನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಅಷ್ಟೇ ಉದ್ದದ ಖಾಲಿ ಟೇಪು ಅಂಟಿಸಿದರು. ಉಳಿದದ್ದು ಒಂದು ಹೆಣ್ಣು ದನಿ, ನಡುನಡುವೆ ಮೌನ. ಮುಂದಿನ ಎರಡು ವರ್ಷ ಭಾರತಮ್ಮ ಅದನ್ನೇ ಕೇಳಿದರು. ಒಂದೊಂದು ಸ್ವರವನ್ನೂ ಅಳೆದರು. ಯಂತ್ರವು ಕಾಗದದ ಮೇಲೆ ಕಪ್ಪು ಪಟ್ಟೆಗಳಾಗಿ ಬಿಡಿಸಿದ ಆ ದನಿಯನ್ನು ಗೋಡೆಗೆ ತೂಗುಹಾಕಿ ನೋಡಿದರು. ಬರೆಯುವಾಗ ‘ನಾನು’ ಎನ್ನುವ ಹಾಗಿರಲಿಲ್ಲ, ಶಾಸ್ತ್ರದ ಪದ್ಧತಿ ಹಾಗೆ. ಮಾತಾಡಿದವಳಿಗೆ ‘ಬಿ’ ಎಂಬ ಅಕ್ಷರವನ್ನು ಕೊಟ್ಟರು. ‘ಬಿ’ ಇಲ್ಲಿ ಸ್ವರವನ್ನು ಎಳೆಯುತ್ತಾಳೆ, ‘ಬಿ’ ಇಲ್ಲಿ ತೆಲುಗಿನ ಕಡೆಗೆ ವಾಲುತ್ತಾಳೆ. ಪುಟದ ಮೇಲೆ ಪುಟ. ಬರೆಯುವವರು ಒಬ್ಬರು, ಮಾತಾಡುವವಳು ಇನ್ನೊಬ್ಬಳು ಎಂಬುದು ಮೊದಲು ಕೈಗೆ, ಆಮೇಲೆ ತಲೆಗೆ ರೂಢಿಯಾಯಿತು. ಒಂದು ಮಧ್ಯಾಹ್ನ ಅವರು ಪ್ರೊಫೆಸರನಿಗೆ, ಈವತ್ತು ಅವಳಿಗೆ ಯಾಕೋ ಸುಸ್ತಾಗಿದೆ, ಸರಿಯಾಗಿ ಮಾತಾಡುತ್ತಿಲ್ಲ ಎಂದುಬಿಟ್ಟರು. ಅದೇ ಟೇಪು. ದಿನವೂ ಕೇಳುವ ಟೇಪು. ಪ್ರೊಫೆಸರು ತಮಾಷೆ ಎಂದುಕೊಂಡು ನಕ್ಕನು.

ಪ್ರಬಂಧ ಮುಗಿಯುವ ಹೊತ್ತಿಗೆ ಕೆಲವು ಉದಾಹರಣೆಗಳು ಕಡಿಮೆ ಬಿದ್ದವು. ಇನ್ನೊಮ್ಮೆ ಕೋಣೆಯೊಳಗೆ ಕೂರಬೇಕಾಯಿತು. ಭಾರತಮ್ಮ ಕಣ್ಣು ಮುಚ್ಚಿ ಅಜ್ಜಿಯನ್ನು ನೆನೆದು ಮಾತಾಡಿದರು. ಚೆನ್ನಾಗಿಯೇ ಬಂತು ಅನ್ನಿಸಿತು. ಪ್ರೊಫೆಸರು ಹಳೆಯ ಪಟ್ಟೆಗಳನ್ನೂ ಹೊಸ ಪಟ್ಟೆಗಳನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದನು. ಎರಡು ಟೇಪುಗಳನ್ನೂ ಒಂದಾದ ಮೇಲೊಂದು ಹಾಕಿ ಕೇಳಿದನು. ಕೊನೆಗೆ, ಇದು ಒಳ್ಳೆಯ ಅನುಕರಣೆ, ಆದರೆ ಇವಳು ‘ಬಿ’ ಅಲ್ಲ ಎಂದನು. ಹಾಗೆಂದು ಅವನೇ ಸ್ವಲ್ಪ ಗಾಬರಿಯಾದನು. ಪ್ರಬಂಧದ ಕೊನೆಯಲ್ಲಿ ಒಂದು ಅಡಿಟಿಪ್ಪಣಿ ಸೇರಿತು: ‘ಬಿ’ ಎಂಬ ಮಾತುಗಾರ್ತಿ ಈಗ ಲಭ್ಯಳಿಲ್ಲ. ಪರೀಕ್ಷಕರು ಪ್ರಬಂಧವನ್ನು ಬಹಳ ಹೊಗಳಿದರು.

ಇಷ್ಟನ್ನು ಹೊತ್ತುಕೊಂಡು ಬಂದವರಿಗೆ ಜಗಲಿಯ ಮೇಲೆ ಅಜ್ಜಿಯ ಮಾತು ಹೇಗೆ ಕೇಳಿಸಿರಬೇಕು ಎಂದು ನೀವೇ ಊಹಿಸಿ.

ಅಜ್ಜಿ ಹಟ ಮಾಡಲಿಲ್ಲ, ಬೈಯಲಿಲ್ಲ. ಬಂದ ಹೆಣ್ಣನ್ನು ನೆಂಟರ ಹಾಗೆ ನೋಡಿಕೊಂಡಳು. ಊಟ ಆಯ್ತಾಮ್ಮಾ ಎಂದು ವಿಚಾರಿಸುವಳು. ಮಾತಿಗೆ ಕೂತರೆ ಮಾತ್ರ ಮುಖ ಅತ್ತ ತಿರುಗಿಸುವಳು. ವಾರ ಕಳೆದ ಮೇಲೆ ಭಾರತಮ್ಮನಿಗೆ ತಡೆಯಲಾಗಲಿಲ್ಲ. ತಾವು ತಂದಿದ್ದ ಚಿಕ್ಕ ಟೇಪ್ ರೆಕಾರ್ಡರನ್ನು ಜಗಲಿಯ ಮೇಲಿಟ್ಟು, ಆ ಹಳೆಯ ಟೇಪಿನ ಕ್ಯಾಸೆಟ್ ಪ್ರತಿಯನ್ನು ಹಾಕಿದರು. ನನ್ನ ದನಿ ಕೇಳು, ಇದು ನಾನೇ ಎಂದು ತೋರಿಸುವ ಉದ್ದೇಶ.

ದನಿ ಹೊರಟಿತು. “ಗಿಣಿ ಬಂದ್ವು ಅಂದ್ರೆ ಸಾಕು, ನಮ್ಮವ್ವ ತಗಡು ಎತ್ಕೊಂಡು...”

ಅಜ್ಜಿ ಚಾಚಿದ ಕಾಲು ಮಡಚಿ ನೆಟ್ಟಗೆ ಕೂತಳು. ಕುರುಡು ಕಣ್ಣಲ್ಲಿ ನೀರು ಇಳಿಯಿತು. “ಬಂದ್ಯೇನೇ ಭಾರತೀ” ಎಂದಳು, ಆ ಟೇಪಿನ ಪೆಟ್ಟಿಗೆಗೆ. ಮುಂದಿನ ಮೌನ ಬಂತು. “ಊಟ ಮಾಡ್ತಾ ಇದ್ದೀಯಾ ಸರಿಯಾಗಿ?” ಎಂದು ಕೇಳಿದಳು. ಮೌನ ಮುಗಿದು ಪೆಟ್ಟಿಗೆ, “ಊಂ, ಹೊಟ್ಟೆ ತುಂಬಾ ತಿಂದ್ಬಿಟ್ಟೆ, ಮಾವಿನ ಹಣ್ಣು” ಎಂದಿತು. ಅದು ಹಿಂದೆ ಪ್ರೊಫೆಸರು ಕೇಳಿದ ಬೇರೆ ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ. ಆದರೆ ಎಷ್ಟು ಸರಿಯಾಗಿ ಹೊಂದಿತೆಂದರೆ ಮನೆಯವರೆಲ್ಲ ನಕ್ಕರು. ಭಾರತಮ್ಮ ಮಾತ್ರ ನಗಲಿಲ್ಲ.

ಅಲ್ಲಿಂದ ಅದು ದಿನದ ಕೆಲಸವಾಯಿತು. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಪೆಟ್ಟಿಗೆ ಕೇಳುವಳು. ತನ್ನ ಪಕ್ಕದಲ್ಲಿ ಅದಕ್ಕೆ ಕಂಬಳಿ ಹಾಸುವಳು. ಕ್ಯಾಸೆಟ್ಟಿನಲ್ಲಿದ್ದ ಮೌನಗಳೆಲ್ಲ ಅಜ್ಜಿಯ ಪ್ರಶ್ನೆಗಳಿಗಾಗಿಯೇ ಬಿಟ್ಟ ಜಾಗಗಳಂತೆ ತುಂಬಿಕೊಂಡವು. ದಿನಕ್ಕೊಂದು ಬಗೆಯ ಪ್ರಶ್ನೆಗಳು, ಅದೇ ಉತ್ತರಗಳು, ಆದರೂ ಪ್ರತಿ ದಿನ ಬೇರೆಯೇ ಸಂಭಾಷಣೆ. ಅಜ್ಜಿ ಗೆಲುವಾದಳು. ಒಂದು ದಿನ ಭಾರತಮ್ಮನನ್ನು ಹತ್ತಿರ ಕರೆದು ತಲೆ ಸವರಿ ಹೇಳಿದಳು.

“ನೀನು ಒಳ್ಳೇವ್ಳಮ್ಮ. ಅಷ್ಟು ದೂರದಿಂದ ನಮ್ಮ ಹುಡುಗೀನ ಜೋಪಾನವಾಗಿ ಕರ್ಕೊಂಡು ಬಂದೆ.”

ಶಾಮಲಮ್ಮನಿಗೆ ಇದು ಸರಿಬರಲಿಲ್ಲ. ಮಗಳು ಎದುರಿಗೆ ನಿಂತಿರುವಾಗ ಅತ್ತೆ ಪೆಟ್ಟಿಗೆಗೆ ಅನ್ನ ಕಲಸಿಡುವುದನ್ನು ನೋಡಲಾರದೆ, ಇದನ್ನು ನಿಲ್ಲಿಸೇ ಎಂದು ಮಗಳಿಗೆ ಹೇಳಿದರು. ಮಗಳು ನಿಲ್ಲಿಸಲಿಲ್ಲ. ಕೋಲಾರದಲ್ಲಿ ಕೆಲಸ ಸಿಕ್ಕಿ ರೂಮು ಮಾಡಿದ ಮೇಲೂ ಶನಿವಾರ ಭಾನುವಾರ ಬಂದು ತಾವೇ ಗುಂಡಿ ಒತ್ತುವರು. ಅಸೂಯೆಯಾಗುತ್ತಿರಲಿಲ್ಲವೇ ಎಂದು ನಾನು ಒಮ್ಮೆ ಕೇಳಿದೆ. ಆಗುತ್ತಿತ್ತು ಎಂದರು. ಆದರೆ ಆ ಮಾತುಕತೆ ನಡೆಯುವಾಗ ಮಾತ್ರ ತಮಗೆ ಮನೆಗೆ ಬಂದಂತೆ ಅನ್ನಿಸುತ್ತಿತ್ತು, ಗೋಡೆಯ ಹಿಂದೆ ನಿಂತು ಕೇಳುವವರ ಹಾಗೆ.

ಒಂದು ಭಾನುವಾರ ಅವರು ಅಡುಗೆಮನೆಯಲ್ಲಿ ಕಾಳು ಬಿಡಿಸುತ್ತಿದ್ದರು. ಜಗಲಿಯಲ್ಲಿ ಟೇಪು ನಡೆದಿತ್ತು. ಆ ಟೇಪಿನ ಒಂದೊಂದು ಉಸಿರೂ ಅವರಿಗೆ ಗೊತ್ತು. ಲೋಕದಲ್ಲಿ ಅದನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಅಜ್ಜಿ, ಅಲ್ಲಿ ಒಬ್ಬಳೇ ಇರೋಕೆ ಭಯ ಆಗಲ್ವೇನೇ ಎಂದು ಕೇಳಿದಳು. ಈ ಜಾಗದಲ್ಲಿ ಕೆರೆಯ ಕಥೆ ಶುರುವಾಗಬೇಕು. ಆಗಲಿಲ್ಲ.

“ಆಗ್ತೈತೆ ಅವ್ವಾ. ಬಾಗಿಲು ಹಾಕ್ಕೊಂಡು ಎಲ್ಲಾರೂ ಹೋಗ್ಬಿಟ್ರು.”

ಭಾರತಮ್ಮನ ಕೈಯಿಂದ ಮೊರ ಜಾರಿತು. ಓಡಿಬಂದು ಟೇಪು ಹಿಂದಕ್ಕೆ ತಿರುಗಿಸಿ ಹಾಕಿದರು. ಕೆರೆಯ ಕಥೆ ಶುರುವಾಯಿತು. ಮತ್ತೆ ಮತ್ತೆ ಹಾಕಿದರೂ ಅದೇ ಕೆರೆಯ ಕಥೆ. ಯಾಕಮ್ಮಾ ನಡುವೆ ಬಾಯಿ ಹಾಕ್ತೀಯ ಎಂದು ಅಜ್ಜಿ ಬೇಸರಪಟ್ಟಳು. ಅಜ್ಜಿಗೆ ಅದರಲ್ಲಿ ಹೊಸದೇನೂ ಕಂಡಿರಲಿಲ್ಲ. ಆ ಹುಡುಗಿ ಹಾಗೆ ಎಷ್ಟೋ ಸಲ ಹೇಳಿದ್ದಾಳೆ ಎಂದಳು.

ಇದನ್ನು ನನಗೆ ಹೇಳುವಾಗ ಭಾರತಮ್ಮ ವಾದ ಮಾಡಲಿಲ್ಲ. ನಂಬಿ ಎಂದೂ ಅನ್ನಲಿಲ್ಲ. ಕೇಳುವುದೇ ನನ್ನ ಕಸುಬು ಸಾರ್, ನನ್ನ ಕಿವಿ ತಪ್ಪಿತು ಎಂದರೆ ನಾನು ಓದಿದ್ದೆಲ್ಲ ತಪ್ಪು, ತಪ್ಪಲಿಲ್ಲ ಎಂದರೆ ಆ ಕೋಣೆಯಲ್ಲಿ ಈಗಲೂ ಒಬ್ಬಳು ಕೂತಿದ್ದಾಳೆ, ಎರಡರಲ್ಲಿ ಯಾವುದನ್ನು ಒಪ್ಪಲಿ ಎಂದರು. ಹೊರಗೆ ಹುಡುಗರು ಗಲಾಟೆ ಮಾಡುತ್ತಿದ್ದ ಹಾಡುಹಗಲು ಅದು. ಆದರೂ ನಾನು ಎದ್ದು ಸ್ಟಾಫ್ ರೂಮಿನ ಬಾಗಿಲನ್ನು ಪೂರ್ತಿ ತೆರೆದೆ.

ಎಂಬತ್ತೊಂದರಲ್ಲಿ, ಮಳೆ ಹಿಡಿಯುವ ಮುಂಚೆ, ಅಜ್ಜಿ ತೀರಿಕೊಂಡಳು. ಕಾಯಿಲೆ ಎಂದೇನೂ ಇರಲಿಲ್ಲ. ಊಟ ಕಡಿಮೆಯಾಗಿತ್ತು, ಅಷ್ಟೆ. ಅಂದು ಮಧ್ಯಾಹ್ನ ಭಾರತಮ್ಮನಿಂದಲೇ ಟೇಪು ಹಾಕಿಸಿಕೊಂಡು, ಪಕ್ಕಕ್ಕೆ ಒರಗಿ ಕೇಳಿದಳು. ಪ್ರಶ್ನೆ ಕೇಳಲಿಲ್ಲ. ಕೊನೆಯ ಮೌನ ಬಂದಾಗ, ಇರು, ನಾನೂ ಬರ್ತೀನಿ ಎಂದಳು. ಕ್ಯಾಸೆಟ್ಟು ಮುಗಿದು ಗುಂಡಿ ಟಪ್ಪನೆ ಮೇಲೆ ಬಂದಾಗ ಅವಳಿಗೆ ಉಸಿರಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಭಾರತಮ್ಮ ಪೆಟ್ಟಿಗೆಯನ್ನು ಹೊರತಂದು ಕ್ಯಾಸೆಟ್ಟು ಹಾಕಿದರು. ಬರಿಯ ಹಿಸ್ಸೆನ್ನುವ ಸದ್ದು. ಎರಡೂ ಮಗ್ಗುಲು ಹಾಕಿ ನೋಡಿದರು. ದನಿ ಇಲ್ಲ. ಯಾರೋ ರೆಕಾರ್ಡ್ ಗುಂಡಿ ಒತ್ತಿರಬೇಕು ಎಂದು ನಾನು ಹೇಳಿದೆ. ಹಾಗೆ ಅಳಿಸಿಹೋಗದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಚಿಕ್ಕ ಕೊಕ್ಕೆಯನ್ನು ಮುರಿದಿದ್ದರಂತೆ. ಒತ್ತಿದ್ದರೂ ಮನೆಯ ಸದ್ದಾದರೂ ತುಂಬಿರಬೇಕಿತ್ತು. ಯಲ್ದೂರಿನ ಬಿಸಿಲಿಗೆ ಟೇಪಿನ ಲೇಪ ಹಾಳಾಗಿರಬಹುದು ಎಂದು ಅವರೇ ಹೇಳಿಕೊಂಡರು. ಆ ವರ್ಷ ಅವರು ಬಹಳ ಸೊರಗಿದರು. ಪಾಠದ ನಡುವೆ ನಿಲ್ಲಿಸಿ ತಮ್ಮದೇ ದನಿಗೆ ಕಿವಿಗೊಡುವವರಂತೆ ನಿಂತುಬಿಡುತ್ತಿದ್ದರು.

ಎಂಬತ್ತಮೂರರಲ್ಲಿ ಬೆಂಗಳೂರಿನ ಒಂದು ಸಮ್ಮೇಳನಕ್ಕೆ ಮೆಕ್ರೇ ಬಂದನು. ಭಾರತಮ್ಮ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬರೇ ಹೋಗಲು ಧೈರ್ಯವಿಲ್ಲ ಎಂದಿದ್ದರು. ಗೆಸ್ಟ್ ಹೌಸಿನ ವರಾಂಡದಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಪ್ರೊಫೆಸರನ ತಲೆ ಪೂರಾ ಬೆಳ್ಳಗಾಗಿತ್ತು. ತನ್ನ ಭಾಷಣಗಳಲ್ಲಿ ಉದಾಹರಣೆಗೆಂದು ಇಂದಿಗೂ ‘ಬಿ’ಯ ದನಿಯನ್ನು ಬಳಸುತ್ತೇನೆ ಎಂದು ಅಭಿಮಾನದಿಂದ ಹೇಳಿ, ಪ್ರಯೋಗಶಾಲೆಯ ಮೂಲ ಟೇಪಿನಿಂದ ಆ ತಿಂಗಳಷ್ಟೇ ಮಾಡಿಸಿದ ಪ್ರತಿಯನ್ನು ಹಾಕಿದನು.

ನಾನು ಆ ದನಿಯನ್ನು ಕೇಳಿದ್ದು ಅದೇ ಮೊದಲು. ಎಳೆಯ ಹೆಣ್ಣಿನ ದನಿ, ತೆಲುಗಿನ ಏರಿಳಿತ, ನಗುವನ್ನು ಬಚ್ಚಿಟ್ಟುಕೊಂಡ ಹಾಗೆ. ಪಕ್ಕದಲ್ಲಿ ಕೂತವರ ದನಿಗೂ ಅದಕ್ಕೂ ಅಕ್ಕತಂಗಿಯರ ಹೋಲಿಕೆ ಇತ್ತು, ಅದಕ್ಕಿಂತ ಹೆಚ್ಚಿರಲಿಲ್ಲ. ಮೊದಲ ಮೌನ ಬಂತು. ಅದು ಮೌನವಾಗಿರಲಿಲ್ಲ. ಬಹಳ ದೂರದಲ್ಲಿ, ಗೋಡೆಯಾಚೆ ಎಂಬಂತೆ, ಒಬ್ಬ ಮುದುಕಿಯ ದನಿ. ಪದಗಳು ನನಗೆ ತಿಳಿಯಲಿಲ್ಲ. ಪ್ರಶ್ನೆಯ ಕೊನೆಯಲ್ಲಿ ಮೇಲೇರುವ ರಾಗ ಮಾತ್ರ ತಿಳಿಯಿತು. ಆಮೇಲೆ ಹುಡುಗಿಯ ಉತ್ತರ. ಮುಂದಿನ ಮೌನದಲ್ಲಿ ಮತ್ತೆ ಮುದುಕಿ.

ಟೇಪನ್ನು ಬಹಳ ವರ್ಷ ಸುತ್ತಿಟ್ಟರೆ ಒಂದು ಸುತ್ತಿನ ಸದ್ದು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಈಚೆಗೆ ಇದು ಶುರುವಾಗಿದೆ ಎಂದು ಪ್ರೊಫೆಸರು ಕ್ಷಮೆ ಕೇಳುವವನಂತೆ ವಿವರಿಸಿದನು. ಭಾರತಮ್ಮ ತಲೆಯಾಡಿಸಿದರು. ಪೂರ್ತಿ ಕೇಳಿದರು. ಅವರ ಕೆನ್ನೆ ಒದ್ದೆಯಾಗಿತ್ತು, ಮುಖದಲ್ಲಿ ಮಾತ್ರ ನಾನು ಅದುವರೆಗೆ ಕಾಣದಿದ್ದ ನೆಮ್ಮದಿ ಇತ್ತು. ಇನ್ನೊಂದು ಪ್ರತಿ ಮಾಡಿಸಿ ಕೊಡಲೇ ಎಂದು ಆತ ಕೇಳಿದಾಗ ಬೇಡ ಎಂದರು.

ಕೋಲಾರದ ಬಸ್ಸು ಹೊಸಕೋಟೆ ದಾಟಿತು. ಆಮೇಲೆ ನಾನೇ, ಅಜ್ಜಿ ಏನು ಕೇಳುತ್ತಿದ್ದಳು ಎಂದೆ. ಮುದುಕಿಯನ್ನು ನಾನೂ ಒಪ್ಪಿಕೊಂಡೆ ಎಂಬುದು ಕೇಳಿದ ಮೇಲೆಯೇ ನನಗೆ ಹೊಳೆಯಿತು. ಭಾರತಮ್ಮ ಕಿಟಕಿಯಾಚೆ ನೋಡುತ್ತಾ ಹೇಳಿದರು.

“ಹಾಕಿದ್ರೆ ಹಾಕ್ಲಿ ಬಿಡೇ ಬಾಗಿಲು, ನಾನಿದ್ದೀನಲ್ಲ, ಅಂತಿದ್ಲು.”

ಹಾಗೆಂದವರು ಸೀಟಿಗೆ ಒರಗಿ ನಿದ್ದೆ ಹೋದರು.

ಆಮೇಲಿನ ವರ್ಷಗಳಲ್ಲಿ ಅವರು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳ ಕಡೆ ವಿದ್ಯಾರ್ಥಿಗಳನ್ನು ಕರೆದುಕೊಂಡು ತಿರುಗಿ ಜನರ ಮಾತು ಸಂಗ್ರಹಿಸಿದರು. ದಾಖಲೆಗೆ ಕೂತವರ ಎದುರಿಗೆ ಅವರ ಮನೆಯವರೇ ಒಬ್ಬರು ಕೂತು ಪ್ರಶ್ನೆ ಕೇಳಬೇಕು, ಆ ಪ್ರಶ್ನೆಗಳನ್ನು ಕತ್ತರಿಸಬಾರದು ಎಂಬುದು ಅವರ ನಿಯಮ. ಎಂಬತ್ತಾರರಲ್ಲಿ ಪರದೇಶದ ಪತ್ರಿಕೆಯೊಂದು ಅವರ ಲೇಖನವನ್ನು ಒಪ್ಪಿ, ಹೆಸರುಗಳ ಬದಲು ಅಕ್ಷರಗಳನ್ನು ಹಾಕಿ ಕಳಿಸಲು ಕೇಳಿತು. ಅವರು ಲೇಖನವನ್ನು ವಾಪಸು ತೆಗೆದುಕೊಂಡರು. ಅದು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಕ್ರೀಡಾಕೂಟದ ವರದಿಯ ಪಕ್ಕದಲ್ಲಿ ಅಚ್ಚಾಯಿತು. ಸುಗಟೂರಿನ ಬೈರಮ್ಮ ಹೀಗೆ ಹೇಳುತ್ತಾರೆ, ಮುಳಬಾಗಿಲಿನ ಸೊಣ್ಣಪ್ಪ ಹೀಗೆ ಹೇಳುತ್ತಾರೆ ಎಂದು ಅದರ ತುಂಬ ಊರು, ಹೆಸರು. ಬೈರಮ್ಮನ ಮಗ ಬಂದು ತಾಯಿಗೆಂದು ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದ.